ಹೊರಗುತ್ತಿಗೆ: ಚೌಕಾಸಿಯಿಂದ ಪಾಲುಗಾರಿಕೆಯವರೆಗೆ

ಯಾವ ಕೆಲಸವನ್ನು ತಾನೇ ಮಾಡಿಕೊಳ್ಳಬೇಕು, ಯಾವುದನ್ನು ಹೊರಗೆ ಕೊಡಬೇಕು ಎಂಬುದು ಪ್ರತಿಯೊಂದು ಉದ್ಯಮದ ಹಳೆಯ ಲೆಕ್ಕಾಚಾರ. ಅದನ್ನು ಅರ್ಥಶಾಸ್ತ್ರದ ಪ್ರಶ್ನೆಯಾಗಿಸಿದವರು ರೊನಾಲ್ಡ್ ಕೋಸ್. ಮಾರುಕಟ್ಟೆಯಲ್ಲಿ ಕೊಳ್ಳುವುದಕ್ಕೂ ಖರ್ಚಿದೆ ಎಂದು ಅವರು 1937ರಲ್ಲಿ ತೋರಿಸಿಕೊಟ್ಟರು. ತಕ್ಕವರನ್ನು ಹುಡುಕಬೇಕು, ದರ ಕುದುರಿಸಬೇಕು, ಕರಾರು ಬರೆಯಬೇಕು, ಮಾತಿನಂತೆ ನಡೆಯುತ್ತಿದ್ದಾರೆಯೇ ಎಂದು ಕಣ್ಣಿಡಬೇಕು. ಈ ಖರ್ಚು ಏರಿದಾಗ ಕೆಲಸ ಕಂಪನಿಯೊಳಗೇ ಉಳಿಯುತ್ತದೆ, ಇಳಿದಾಗ ಹೊರಗೆ ಹೋಗುತ್ತದೆ.

ಆದರೆ ಕರಾರು ನಿಜಕ್ಕೂ ಎಷ್ಟು ಕೆಲಸಕ್ಕೆ ಬರುತ್ತದೆ? ಅಮೆರಿಕದ ವಿಸ್ಕಾನ್ಸಿನ್‌ನ ಕಾನೂನು ಪ್ರಾಧ್ಯಾಪಕ ಸ್ಟೀವರ್ಟ್ ಮೆಕಾಲೆ 68 ಮಂದಿ ಉದ್ಯಮಿಗಳನ್ನೂ ವಕೀಲರನ್ನೂ ಮಾತನಾಡಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಓದುವಂತಿದೆ. ತಕರಾರು ಬಂದಾಗ ವ್ಯಾಪಾರಸ್ಥರು ಸಾಮಾನ್ಯವಾಗಿ ಕರಾರುಪತ್ರ ತೆಗೆದು ನೋಡುವುದಿಲ್ಲ. ಫೋನಿನಲ್ಲಿ ಮಾತಾಡಿ ಮುಗಿಸಿಕೊಳ್ಳುತ್ತಾರೆ. ನಾಳೆಯೂ ವ್ಯವಹಾರ ನಡೆಯಬೇಕಲ್ಲ! ಇದರ ಇನ್ನೊಂದು ಮುಖವನ್ನು 1970ರ ದಶಕದಲ್ಲಿ ಅರ್ಥಶಾಸ್ತ್ರಜ್ಞ ಆಲಿವರ್ ವಿಲಿಯಮ್ಸನ್ ಎತ್ತಿ ಹೇಳಿದರು. ಒಬ್ಬನೇ ಗಿರಾಕಿಯನ್ನು ನಂಬಿ ವಿಶೇಷ ಯಂತ್ರ, ಅಚ್ಚುಗಳಿಗೆ ದುಡ್ಡು ಸುರಿದವನು ಆಮೇಲೆ ಆ ಗಿರಾಕಿಯ ಮುಷ್ಟಿಯಲ್ಲಿರುತ್ತಾನೆ. ಈ ಭಯ ಹೋಗದಿದ್ದರೆ ಯಾರೂ ಹೆಜ್ಜೆ ಮುಂದಿಡುವುದಿಲ್ಲ.

ಈ ಎರಡು ಮಾತುಗಳಿಗೂ ಪರೀಕ್ಷೆ ನಡೆದದ್ದು ಕಾರು ಕಾರ್ಖಾನೆಗಳಲ್ಲಿ. 1992ರಲ್ಲಿ ಜನರಲ್ ಮೋಟಾರ್ಸ್‌ನ ಖರೀದಿ ಮುಖ್ಯಸ್ಥರಾದ ಇಗ್ನಾಸಿಯೊ ಲೋಪೆಜ್ ಪೂರೈಕೆದಾರರ ಹಳೆಯ ಕರಾರುಗಳನ್ನು ಬದಿಗಿಟ್ಟು ಮತ್ತೆ ಮತ್ತೆ ದರ ಕರೆದರು. ಸದ್ಯಕ್ಕೆ ಹಣ ಉಳಿಯಿತು, ಪೂರೈಕೆದಾರರ ವಿಶ್ವಾಸ ಹೋಯಿತು. ಅದೇ ಹೊತ್ತಿಗೆ ಕ್ರೈಸ್ಲರ್ ಬೇರೆ ದಾರಿ ಹಿಡಿದಿತ್ತು. ಖರ್ಚು ಇಳಿಸುವ ಉಪಾಯವನ್ನು ಪೂರೈಕೆದಾರನೇ ಸೂಚಿಸಬೇಕು, ಉಳಿತಾಯದಲ್ಲಿ ಅವನಿಗೂ ಪಾಲುಂಟು ಎಂಬ 'ಸ್ಕೋರ್' ಯೋಜನೆ ಅದು. 1995ರ ಕೊನೆಯ ಹೊತ್ತಿಗೆ ಇಂಥ ಸಲಹೆಗಳಿಂದ ಕಂಪನಿಗೆ ವರ್ಷಕ್ಕೆ 170 ಕೋಟಿ ಡಾಲರ್‌ಗೂ ಹೆಚ್ಚು ಉಳಿಯುತ್ತಿತ್ತು ಎಂದು ಸಂಶೋಧಕ ಜೆಫ್ರಿ ಡಯರ್ ದಾಖಲಿಸಿದ್ದಾರೆ. ಆದರೆ 1998ರಲ್ಲಿ ಕಂಪನಿ ಡೈಮ್ಲರ್‌ನೊಂದಿಗೆ ಸೇರಿತು. ನಷ್ಟಕ್ಕೆ ಸಿಲುಕಿದಾಗ, 2001ರ ಜನವರಿಯಿಂದ ಎಲ್ಲರೂ ಶೇ 5ರಷ್ಟು ದರ ಇಳಿಸಲೇಬೇಕೆಂದು ಪೂರೈಕೆದಾರರಿಗೆ ಹೊಸ ಆಡಳಿತ ತಾಕೀತು ಮಾಡಿತು. ಹತ್ತು ವರ್ಷ ಕಟ್ಟಿದ್ದು ಒಂದು ಪತ್ರದಲ್ಲಿ ಅಲುಗಾಡಿತು.

ಸಹಕಾರಕ್ಕೆ ಇನ್ನೂ ಗಟ್ಟಿಯಾದ ಸಾಕ್ಷಿ ಜಪಾನಿನದು. 1997ರ ಫೆಬ್ರುವರಿ 1ರಂದು ಕಾರಿಯಾ ಊರಿನಲ್ಲಿರುವ ಐಸಿನ್ ಸೇಕಿ ಕಾರ್ಖಾನೆ ಸುಟ್ಟುಹೋಯಿತು. ಟೊಯೊಟಾ ಕಾರುಗಳ ಬ್ರೇಕಿಗೆ ಬೇಕಾದ ಒಂದು ಪುಟ್ಟ ವಾಲ್ವ್ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು. ಹೆಚ್ಚು ದಾಸ್ತಾನು ಇಡುವ ಪದ್ಧತಿ ಇಲ್ಲದ್ದರಿಂದ ಜಪಾನಿನ ಟೊಯೊಟಾ ಘಟಕಗಳು ನಿಂತವು. ಐಸಿನ್ ತನ್ನ ನಕ್ಷೆಗಳನ್ನು ಎಲ್ಲರಿಗೂ ಹಂಚಿತು. ಆ ಭಾಗವನ್ನು ಎಂದೂ ಮಾಡಿರದ ಹತ್ತಾರು ಕಂಪನಿಗಳು, ಹೊಲಿಗೆ ಯಂತ್ರದ ಬ್ರದರ್ ಕೂಡ, ಸಿಕ್ಕ ಯಂತ್ರಗಳಲ್ಲೇ ವಾಲ್ವ್ ಕೊರೆಯಲು ಶುರುಮಾಡಿದವು. ದರ ಎಷ್ಟು, ನಕ್ಷೆಯ ಹಕ್ಕು ಯಾರದು ಎಂಬ ಚೌಕಾಸಿ ಮೊದಲು ನಡೆಯಲೇ ಇಲ್ಲ. ಸುಮಾರು ಒಂದು ವಾರದಲ್ಲಿ ಉತ್ಪಾದನೆ ಬಹುತೇಕ ಹಳಿಗೆ ಬಂತು. ಆ ಕಂಪನಿಗಳ ಖರ್ಚನ್ನು ಐಸಿನ್ ಆಮೇಲೆ ತುಂಬಿಕೊಟ್ಟಿತು. ಅದೇ 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಬೆಂಗಳೂರು ಬಳಿಯ ಬಿಡದಿಯಲ್ಲಿ ನೆಲೆಯೂರಿದಾಗ, ಬಿಡಿಭಾಗ ಮಾಡುವ ಘಟಕಗಳೂ ಅದರ ಆಸುಪಾಸಿನಲ್ಲಿ ಬಂದವು.

ಕಂಪ್ಯೂಟರ್ ಕ್ಷೇತ್ರದ ಕಥೆ ಬೇರೆ. 1989ರಲ್ಲಿ ಕೊಡಾಕ್ ತನ್ನ ಡೇಟಾ ಸೆಂಟರ್ ಕೆಲಸವನ್ನು ಐಬಿಎಂಗೆ ವಹಿಸಿದ ಮೇಲೆ ದೊಡ್ಡ ಕಂಪನಿಗಳೂ ಹೊರಗುತ್ತಿಗೆಗೆ ಮೈಚಳಿ ಬಿಟ್ಟವು. ಅಷ್ಟರಲ್ಲಾಗಲೇ, 1985ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಉಪಗ್ರಹ ಸಂಪರ್ಕದ ಮೂಲಕ ಕೆಲಸ ಮಾಡಬಹುದೆಂದು ತೋರಿಸಿತ್ತು. ಇಲ್ಲಿನ ಕಂಪನಿಗಳು ಮೊದಲು ಮಾರಿದ್ದು ಎಂಜಿನಿಯರುಗಳ ಗಂಟೆಗಳನ್ನು. ಕೆಲಸ ಬೇಗ ಮುಗಿಸಿದರೆ ಬಿಲ್ಲು ಕಡಿಮೆ, ಎಳೆದರೆ ಹೆಚ್ಚು! ಇದನ್ನು ಸರಿಪಡಿಸಲು ನಿಗದಿ ಮೊತ್ತದ ಕರಾರುಗಳೂ ಎಸ್‌ಎಲ್‌ಎಗಳೂ, ಅಂದರೆ ಸೇವೆಯ ಮಟ್ಟವನ್ನು ಅಂಕಿಗಳಲ್ಲಿ ಕಟ್ಟಿಹಾಕುವ ಷರತ್ತುಗಳೂ ಬಂದವು. ಆದರೆ ದೂರಿಗೆ ಇಷ್ಟು ನಿಮಿಷದಲ್ಲಿ ಉತ್ತರಿಸಬೇಕೆಂದರೆ ಉತ್ತರವೇನೋ ಹೋಗುತ್ತದೆ, ಸಮಸ್ಯೆ ಹಾಗೇ ಉಳಿಯುತ್ತದೆ. ವರದಿಯೆಲ್ಲ ಹಸಿರು, ಗಿರಾಕಿಯ ಮುಖ ಕೆಂಪು. ಐಟಿಯವರು ಇದಕ್ಕೆ 'ಕಲ್ಲಂಗಡಿ' ಎಂದೇ ಹೆಸರಿಟ್ಟಿದ್ದಾರೆ.

ಹೀಗಾಗಿ ಪ್ರಶ್ನೆ ಮತ್ತೆ ಕರಾರಿನ ಸ್ವರೂಪಕ್ಕೇ ಬಂತು. ಟೆನೆಸೀ ವಿಶ್ವವಿದ್ಯಾಲಯದ ಕೇಟ್ ವಿಟಾಸೆಕ್ 2010ರಲ್ಲಿ 'ವೆಸ್ಟೆಡ್' ಎಂಬ ಮಾದರಿ ಮುಂದಿಟ್ಟರು. ಕೊಳ್ಳುವುದು ಗಂಟೆಯನ್ನಲ್ಲ, ಫಲಿತಾಂಶವನ್ನು. ಅದು ಸಿಕ್ಕರೆ ಇಬ್ಬರೂ ಗೆಲ್ಲುವಂತೆ ಹಣದ ಏರ್ಪಾಡಿರಲಿ ಎಂಬುದು ಅದರ ತಿರುಳು. ಸಿದ್ಧಾಂತದ ಆಸರೆ ಅರ್ಥಶಾಸ್ತ್ರಜ್ಞ ಆಲಿವರ್ ಹಾರ್ಟ್ ಅವರಿಂದ ಸಿಕ್ಕಿತು. ಮುಂದೆ ಬರುವುದನ್ನೆಲ್ಲ ಯಾವ ಕರಾರೂ ಮುಂಗಾಣಲಾರದು. ಅನ್ಯಾಯವಾಯಿತೆನಿಸಿದವನು ಕರಾರು ಮುರಿಯುವುದಿಲ್ಲ, ಬರೆದಷ್ಟೇ ಮಾಡಿ ಕೈಕಟ್ಟಿ ಕೂರುತ್ತಾನೆ. 2016ರಲ್ಲಿ ನೊಬೆಲ್ ಪಡೆದ ಹಾರ್ಟ್, 2019ರಲ್ಲಿ ವಿಟಾಸೆಕ್ ಮತ್ತು ವಕೀಲ ಡೇವಿಡ್ ಫ್ರಿಡ್ಲಿಂಗರ್ ಜೊತೆ ಸೇರಿ ಕರಾರಿನಲ್ಲೇ ಪರಸ್ಪರ ನಡವಳಿಕೆಯ ತತ್ವಗಳನ್ನು ಬರೆದಿಡಬೇಕೆಂದು ವಾದಿಸಿದರು. ಇಂಥ ಸಂಬಂಧಗಳ ನಿರ್ವಹಣೆಗೆ 2017ರಿಂದ ಐಎಸ್‌ಒ 44001 ಎಂಬ ಅಂತರರಾಷ್ಟ್ರೀಯ ಮಾನಕವೂ ಇದೆ.

ಇಷ್ಟೆಲ್ಲ ಆದರೂ ಸರಪಳಿಯ ಕೆಳತುದಿಗೆ ಈ ವಿಚಾರ ಇಳಿದಿರುವುದು ಅಷ್ಟಕ್ಕಷ್ಟೆ. ಬೆಂಗಳೂರಿನ ಪೀಣ್ಯದಲ್ಲಿ ನಾಲ್ಕು ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರಿಗೆ ಪಾಲುಗಾರಿಕೆ ಎಂದರೆ ಮೊದಲು ಪೇಮೆಂಟ್. ಸಣ್ಣ ಘಟಕಗಳ ಬಿಲ್ಲು ಹೆಚ್ಚೆಂದರೆ 45 ದಿನಗಳಲ್ಲಿ ಪಾವತಿಯಾಗಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ ಕೊಡಬೇಕು ಎನ್ನುತ್ತದೆ 2006ರ ಎಂಎಸ್ಎಂಇಡಿ (ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆ. ಆದರೆ ಬಡ್ಡಿ ಕೇಳಿದರೆ ಮುಂದಿನ ಆರ್ಡರ್ ತಪ್ಪೀತೆಂಬ ಅಂಜಿಕೆ. ಅದಕ್ಕೇ 2024–25ರ ತೆರಿಗೆ ನಿರ್ಧಾರಣಾ ವರ್ಷದಿಂದ ಆದಾಯ ತೆರಿಗೆಯ ಕಡೆಯಿಂದ ಬಿಗಿ ಬಂತು: ಕಿರು ಮತ್ತು ಸಣ್ಣ ಘಟಕಗಳಿಗೆ ಗಡುವಿನೊಳಗೆ ಕೊಡದ ಹಣವನ್ನು, ಕೊಡುವವರೆಗೆ, ಖರ್ಚೆಂದು ತೋರಿಸುವಂತಿಲ್ಲ. ಅಂಗಲಾಚುವ ಕೆಲಸ ಪೂರೈಕೆದಾರನದಾಗದೆ, ತಡಮಾಡಿದ್ದರ ನೋವು ಕೊಳ್ಳುವವನ ಲೆಕ್ಕಪುಸ್ತಕಕ್ಕೇ ತಟ್ಟಿತು.

ಕೋಸ್‌ರಿಂದ ಇಲ್ಲಿಯವರೆಗಿನ ದಾರಿಯನ್ನು ನೋಡಿದರೆ ಒಂದು ಮಾತು ಖಚಿತ. ನಂಬಿಕೆ ಎಂಬುದು ಲಾಭನಷ್ಟ ಹಂಚಿಕೊಳ್ಳುವ ಕ್ರಮದಿಂದ ಹುಟ್ಟುತ್ತದೆ. ಉಳಿತಾಯದ ಪಾಲು ಕೆಳಗಿನವನಿಗೆ ತಲುಪಿದ ಕಡೆ ಅವನೇ ಉಪಾಯ ಹೇಳುತ್ತಾನೆ; ಕಷ್ಟವನ್ನಷ್ಟೇ ಅವನ ತಲೆಗೆ ಕಟ್ಟಿದ ಕಡೆ ಎಷ್ಟು ಪುಟದ ಕರಾರಿದ್ದರೂ ಅವನು ಬರೆದಷ್ಟೇ ಮಾಡುತ್ತಾನೆ.