ಎರಡು ಉಡುಪು, ಒಂದು ಆಯುಷ್ಯ

ಸಿಪಾಯಿ ಬೇರೆ, ಪೊಲೀಸಿನವನು ಬೇರೆ ಎಂಬ ಭಾವನೆ ನಮ್ಮಲ್ಲಿ ಬಹಳ ಹಳೆಯದೇನಲ್ಲ. ಹಿಂದಿನ ಮೈಸೂರು ಸಂಸ್ಥಾನದಲ್ಲಿ ‘ಕಂದಾಚಾರ’ವೆಂಬ ಇಲಾಖೆಯೊಂದಿತ್ತು. ಅದರ ಆಳುಗಳು ದಂಡು ಹೊರಟರೆ ದಂಡಿನ ಕೆಲಸಕ್ಕೂ ಒದಗುವರು, ದಂಡಿಲ್ಲದಾಗ ಊರುಕೇರಿಯ ಕಾವಲನ್ನೂ ನೋಡುವರು. 1857ರ ದಂಗೆ ಅಡಗಿದ ಮೇಲೆ ಇಂಗ್ಲಿಷರು 1861ರ ಕಾಯಿದೆಯಿಂದ, ತಮ್ಮ ಆಳ್ವಿಕೆಯ ಪ್ರಾಂತಗಳಲ್ಲಿ ಪೊಲೀಸನ್ನು ಸೈನ್ಯದಿಂದ ಬೇರೆಯಾದ ಇಲಾಖೆಯಾಗಿ ಕಟ್ಟಿದರು. ಒಂದು ಹೊರಗಿನ ಶತ್ರುವಿಗೆ, ಇನ್ನೊಂದು ಒಳಗಿನ ಶಾಂತಿಗೆ. ಕಾಗದದ ಮೇಲೆ ಇದು ಅಚ್ಚುಕಟ್ಟಾದ ವಿಭಾಗವೇ ಸರಿ. ಆದರೆ ಎರಡು ಉಡುಪನ್ನೂ ಒಂದೇ ಆಯುಷ್ಯದಲ್ಲಿ ತೊಟ್ಟವರು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನ. ಹದಿನೈದು ವರ್ಷ ದುಡಿದ ಜವಾನನಿಗೆ ಪಿಂಚಣಿಯುಂಟು, ನಿಜ. ಆದರೆ ಆಗಿನ್ನೂ ಮೂವತ್ತೈದರ ಪ್ರಾಯ, ಮನೆಯಲ್ಲಿ ಚಿಕ್ಕ ಮಕ್ಕಳು. ಬೇರೊಂದು ನೌಕರಿ ಹಿಡಿಯದೆ ಗತಿಯಿಲ್ಲ.

ನನ್ನ ತಂದೆಯವರು ಅಂಥವರಲ್ಲೊಬ್ಬರು. ಹಾಸನ ಜಿಲ್ಲೆಯ ಬೆದ್ದಲು ಸೀಮೆಯ ರೈತರ ಮಗ. 1962ರಲ್ಲಿ ಚೀನಾದೊಡನೆ ಯುದ್ಧವಾಗಿ, ಸರ್ಕಾರ ಸೈನ್ಯವನ್ನು ಭರದಿಂದ ಬೆಳೆಸತೊಡಗಿದಾಗ, ಮಾರನೆಯ ವರ್ಷವೇ ಬೆಂಗಳೂರಿಗೆ ಹೋಗಿ ಹಲಸೂರು ಕೆರೆಯ ಬಳಿಯ ಮದರಾಸು ಸ್ಯಾಪರ್ಸ್ ಪಡೆಗೆ ಸೇರಿದರು. ಅದು 1780ರಿಂದ ತನ್ನ ವಂಶಾವಳಿಯನ್ನು ಎಣಿಸಿಕೊಳ್ಳುವ ಪಡೆ. ಸೇತುವೆ ಕಟ್ಟುವುದು, ದಾರಿ ಕಡಿಯುವುದು, ಶತ್ರು ಹೂತಿಟ್ಟ ಸಿಡಿಮದ್ದನ್ನು ಕೀಳುವುದು, ಇವು ಅದರ ಕಸುಬು.

1971ರ ಡಿಸೆಂಬರಿನಲ್ಲಿ ಅವರು ಶಕರಗಢದ ಕಡೆ, ಬಸಂತರ್ ನದಿಯ ತೀರದಲ್ಲಿದ್ದರು. ಪಾಕಿಸ್ತಾನದವರು ಅಲ್ಲಿ ಮೈನುಗಳ ವಿಶಾಲವಾದ ಬಯಲನ್ನೇ ಹೂತಿದ್ದರು. 15ರ ರಾತ್ರಿ ಕಾಲ್ದಳ ನದಿಯನ್ನು ದಾಟಿ ಆಚೆ ದಡವನ್ನು ಹಿಡಿಯಿತು. ಟ್ಯಾಂಕುಗಳು ಹಿಂದೆ ಬರಬೇಕಾದರೆ ದಾರಿ ಬಿಡಿಸಬೇಕು. ಟ್ಯಾಂಕಿಗೆಂದು ಹೂತ ಮೈನು ಮನುಷ್ಯನ ಭಾರಕ್ಕೆ ಸಾಮಾನ್ಯವಾಗಿ ಸಿಡಿಯದು. ಆದರೆ ಅವುಗಳ ನಡುನಡುವೆ ಮನುಷ್ಯನ ಕಾಲಿಗೆಂದೇ ಇಟ್ಟ ಚಿಕ್ಕವು ಇರುತ್ತವೆ. ಬಿಡಿಸಿದ ದಾರಿಗೆ ಎರಡೂ ಬದಿ ಬಿಳಿಯ ಪಟ್ಟಿ ಹಾಸಬೇಕು, ಮೇಲೆ ಫಿರಂಗಿ ಗುಂಡು ಬೀಳುತ್ತಲೇ ಇರುತ್ತದೆ. ಕೆಲಸ ಮುಗಿಯುವ ಮುನ್ನವೇ ಪೂನಾ ಹಾರ್ಸ್ ದಳದ ಟ್ಯಾಂಕುಗಳು, ಆಚೆ ದಡದವರಿಗೆ ಆಪತ್ತೆಂದು ತಿಳಿದು, ಅರ್ಧ ಬಿಡಿಸಿದ ಆ ದಾರಿಯಲ್ಲೇ ನುಗ್ಗಿದವು. ಮರುದಿನದ ಟ್ಯಾಂಕು ಕಾಳಗದಲ್ಲಿ ಇಪ್ಪತ್ತೊಂದರ ಹರೆಯದ ಅರುಣ್ ಖೇತರ್‌ಪಾಲ್ ಮಡಿದು ಪರಮವೀರ ಚಕ್ರ ಪಡೆದದ್ದನ್ನು ಓದುಗರು ಬಲ್ಲರು. 17ಕ್ಕೆ ಕದನವಿರಾಮ.

ಈ ಕಥೆಯನ್ನು ನಾವು ಮಕ್ಕಳು ಎಷ್ಟು ಸಲ ಕೇಳಿದೆವೋ ಲೆಕ್ಕವಿಲ್ಲ. ಮೊರದಲ್ಲಿ ರಾಗಿ ಹರವಿ, ಅದರಲ್ಲಿ ಹುಣಸೆಬೀಜ ಹುದುಗಿಸಿ, ಹಂಚಿಕಡ್ಡಿಯನ್ನು ಓರೆಯಾಗಿ ಚುಚ್ಚಿ ಹುಡುಕುವುದನ್ನು ಕಲಿಸುತ್ತಿದ್ದರು. ನೆಟ್ಟಗೆ ಚುಚ್ಚಿದವನು ಸತ್ತ! ಅಮ್ಮನಿಗೆ ರಾಗಿ ಚೆಲ್ಲುವ ಚಿಂತೆ.

1978ರಲ್ಲಿ ಸೈನ್ಯದಿಂದ ಬಿಡುಗಡೆ. ಮರುವರ್ಷ ರಾಜ್ಯದ ಮೀಸಲು ಪೊಲೀಸ್ ಪಡೆಗೆ ಸೇರ್ಪಡೆ. 2001ರಲ್ಲಿ, ಆಗಿನ ನಿಯಮದಂತೆ ಐವತ್ತೆಂಟಕ್ಕೆ, ನಿವೃತ್ತಿ. ಇಪ್ಪತ್ತೆರಡು ವರ್ಷ ಅಲ್ಲಿದ್ದರು. ಆ ಇಪ್ಪತ್ತೆರಡು ವರ್ಷದ ಕಥೆ ಒಂದೂ ಇಲ್ಲ. ಅವರು ತೀರಿಕೊಂಡ ಮೇಲೆ ಟ್ರಂಕು ತೆಗೆದರೆ ಒಂದು ಕಡೆ 1965ರ ರಕ್ಷಾ ಪದಕ, 1971ರ ಪಶ್ಚಿಮೀ ಸ್ಟಾರು, ಸಂಗ್ರಾಮ ಪದಕ, ಎಲ್ಲಕ್ಕೂ ರಿಬ್ಬನು ಸಹಿತ. ಇನ್ನೊಂದು ಕಡೆ ಪೊಲೀಸ್ ಸೇವೆಯ ಕೆಲವು ಆದೇಶಗಳು ಮತ್ತು ಸಣ್ಣ ಜೇಬುಪುಸ್ತಕಗಳ ಕಟ್ಟು. ಪುಸ್ತಕದ ತುಂಬ ಊರ ಹೆಸರು, ತಾರೀಖು, ಮಲಗಿದ ಶಾಲೆ ಅಥವಾ ಛತ್ರ, ಭತ್ಯದ ಲೆಕ್ಕ.

ಅವುಗಳಲ್ಲೊಂದರಲ್ಲಿ ನವಲಗುಂದದ ಹೆಸರಿದೆ. 1980ರ ಜುಲೈ ಕೊನೆಯ ವಾರ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆ ಕಟ್ಟಿ, ಎರೆಸೀಮೆಗೆ ಕಾಲುವೆ ತಂದಿದ್ದರು. ಅಚ್ಚುಕಟ್ಟಿನ ಜಮೀನಿಗೆಲ್ಲ ಅಭಿವೃದ್ಧಿ ಕರ ಕಟ್ಟಬೇಕೆಂದು ಸರ್ಕಾರ ಹೇಳಿತು. ಸರಿಯಾಗಿ ನೀರೇ ಬಾರದ ಹೊಲಕ್ಕೆ ಕರವೇಕೆಂದು ರೈತರು ಕೇಳಿದರು. ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಾಗಿ ರೈತರು ಸತ್ತರು. ನರಗುಂದದಲ್ಲಿ ಜನರ ಕೋಪಕ್ಕೆ ಸಿಕ್ಕಿ ಪೊಲೀಸರೂ ಸತ್ತರು. ನಮ್ಮ ನಾಡಿನ ರೈತ ಚಳವಳಿಯ ಚರಿತ್ರೆ ಈ ದಿನವನ್ನು ಬಿಟ್ಟು ಮುಂದುವರಿಯಲಾರದು. ತಂದೆಯವರ ತುಕಡಿ ಅಲ್ಲಿಗೆ ಮುಟ್ಟಿದ್ದು ಗೋಲಿಬಾರಾದ ಎರಡು ದಿನಕ್ಕೆ, ಬಂದೋಬಸ್ತಿಗೆ. ಅವರ ಕೈಯಲ್ಲಿದ್ದುದು ಹಳೆಯ ಪಾಯಿಂಟ್ 303 ಬಂದೂಕು, ತಾವು ಇಪ್ಪತ್ತರ ಹರೆಯದಲ್ಲಿ ಹಲಸೂರಿನಲ್ಲಿ ಕಲಿತದ್ದೇ. ಎದುರಿಗೆ ಮಾತ್ರ ಪಾಕಿಸ್ತಾನದವರಿರಲಿಲ್ಲ.

ಆ ದಿನದ ಬಗ್ಗೆ ಬರೆದ ಪುಸ್ತಕ, ಲೇಖನಗಳನ್ನು ನಾನು ಓದಿದ್ದೇನೆ, ತರಗತಿಯಲ್ಲಿ ಮಾತನಾಡಿದ್ದೂ ಉಂಟು. ಅವುಗಳಲ್ಲಿ ರೈತನಿಗೆ ಹೆಸರಿದೆ, ಊರಿದೆ; ಇರಲೇಬೇಕು. ಮಂತ್ರಿಗೆ ಹೆಸರಿದೆ. ‘ಪೊಲೀಸರು’ ಮಾತ್ರ ಸದಾ ಬಹುವಚನ. ‘ಪೊಲೀಸರು ಗುಂಡು ಹಾರಿಸಿದರು’ ಎಂಬ ವಾಕ್ಯದಲ್ಲಿ ವ್ಯಾಕರಣದೋಷವೇನೂ ಇಲ್ಲ. ಆದರೆ ಆ ಬಹುವಚನದೊಳಗೆ ಎಷ್ಟು ಜನ ಬೆದ್ದಲು ಸೀಮೆಯ ರೈತರ ಮಕ್ಕಳಿದ್ದರೆಂಬುದು ಚರಿತ್ರೆಕಾರನಿಗೆ ಬೇಡದ ಸಂಗತಿಯಾಗಿದೆ. ಗುಂಡಿನ ಹೊಣೆಯನ್ನು ಹಗುರ ಮಾಡಲು ಈ ಮಾತು ಹೇಳುತ್ತಿಲ್ಲ. ಹೆಸರಿಲ್ಲದವನನ್ನು ಹೊಣೆ ಮಾಡುವುದೂ ಕಷ್ಟವೇ.

ಇಲಾಖೆಯ ನೆನಪೂ ಹೀಗೆಯೇ ಓರೆ. ಪ್ರತಿವರ್ಷ ಅಕ್ಟೋಬರ್ 21ರಂದು ಪೊಲೀಸ್ ಹುತಾತ್ಮರ ದಿನ. ಆ ವರ್ಷ ಕರ್ತವ್ಯದಲ್ಲಿ ಮಡಿದವರ ಹೆಸರನ್ನು ಕವಾಯಿತಿನಲ್ಲಿ ಓದುತ್ತಾರೆ. ತಂದೆಯವರು ನಿವೃತ್ತರಾದ ಮೇಲೂ ಹೋಗುತ್ತಿದ್ದರು. ಆದರೆ ಆ ದಿನ ಯಾವುದರ ಗುರುತು? 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀಯರ ಗುಂಡಿಗೆ ಹತ್ತು ಮಂದಿ ಪೊಲೀಸರು ಬಲಿಯಾದ ದಿನ ಅದು. ಗಡಿಯಲ್ಲಿ, ಪರದೇಶದವರ ಕೈಯಲ್ಲಿ ಆದ ಸಾವು. ಪೊಲೀಸಿನವನು ತನ್ನ ಗೌರವಕ್ಕಾಗಿ ಕೊನೆಗೂ ಸಿಪಾಯಿಯ ಸಾವನ್ನೇ ಆರಿಸಿಕೊಳ್ಳಬೇಕಾಯಿತು.

ನವಲಗುಂದದ ಪುಟಗಳಲ್ಲಿ ಊರು, ತಾರೀಖುಗಳಲ್ಲದೆ ಇನ್ನೊಂದು ಸಂಗತಿ ಸಿಕ್ಕಿತು. ಸ್ಯಾಪರನ ಕೈಯ ಒಂದು ನಕಾಶೆ; ಪೆನ್ಸಿಲಿನದು. ಒಂದು ಉಪಕಾಲುವೆ, ಅದರ ತೂಬು, ಆಚೆಗೆ ಚೌಕ ಚೌಕವಾಗಿ ಹೊಲಗಳು. ತೂಬಿನಿಂದ ಹೊಲಗಳಿಗೆ ಗೆರೆಯಿಲ್ಲ; ಅಲ್ಲಿ ‘ಹೊಲಗಾಲುವೆ ತೋಡಿಲ್ಲ’ ಎಂದು ಬರೆದು, ನಡಿಗೆಯಲ್ಲಿ ಅಳೆದ ದೂರವನ್ನು ಹೆಜ್ಜೆಗಳ ಲೆಕ್ಕದಲ್ಲಿ ಕಾಣಿಸಿದ್ದಾರೆ. ಸೈನ್ಯದಲ್ಲಾಗಿದ್ದರೆ ಇಂಥ ನಕಾಶೆಯನ್ನು ಮೇಲಿನವರಿಗೆ ಒಪ್ಪಿಸುವುದು ಅವರ ಕೆಲಸವೇ ಆಗಿತ್ತು. ಪೇದೆಯಿಂದ ಅದನ್ನು ಯಾರೂ ಕೇಳುವಂತಿರಲಿಲ್ಲ. ಮುಂದಿನ ಪುಟದಲ್ಲಿ ಮತ್ತೆ ಭತ್ಯದ ಲೆಕ್ಕವಿದೆ.