ಬಿಜಾಪುರದಿಂದ ಹೊರಟ ಹೊಗೆ

ಹೃದಯಾಘಾತದ ಸುದ್ದಿ ಬಂದಾಗಲೆಲ್ಲ ನಾವು ಹೊಸ ಕಾರಣ ಹುಡುಕ್ತೀವಿ. 2025ರ ಜೂನ್-ಜುಲೈನಲ್ಲಿ ಹಾಸನದ ಸಾವುಗಳ ಸುದ್ದಿ ಬಂತಲ್ಲ, ಆಗ ಚಾನೆಲ್‌ಗಳಲ್ಲಿ ದಿನಗಟ್ಟಲೆ ಚರ್ಚೆ. ಲಸಿಕೆಯೇ? ಜಿಮ್ಮೇ? ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಅಸಹಜ ಏರಿಕೆಯೇನೂ ಇಲ್ಲ ಅಂತ ವರದಿ ಬಂತು. ಕಾರಣಗಳೂ ಹಳೆಯವೇ: ಸಕ್ಕರೆ ಕಾಯಿಲೆ, ಬಿಪಿ, ಧೂಮಪಾನ. ಹಳೇ ಕಾರಣ ಬ್ರೇಕಿಂಗ್ ನ್ಯೂಸ್ ಆಗಲ್ಲ, ಅದೇ ಅದರ ಅದೃಷ್ಟ.

ಈ ಹೊಗೆಯ ಚರಿತ್ರೆ ನೋಡೋಕೆ ಕೊಪ್ಪಳದವರು ದೂರ ಹೋಗಬೇಕಾಗಿಲ್ಲ. ಕುಷ್ಟಗಿಯಲ್ಲಿ ಬಸ್ ಹತ್ತಿ ಇಳಕಲ್ ದಾಟಿ ಮುಂದೆ ಹೋದರೆ ವಿಜಯಪುರ. 1604ರ ಸುಮಾರಿಗೆ ಅಕ್ಬರನ ಅಧಿಕಾರಿ ಅಸದ್ ಬೇಗ್ ಅಲ್ಲಿನ ಆದಿಲ್‌ಶಾಹಿ ದರ್ಬಾರಿಗೆ ಬಂದಿದ್ದ. ಉತ್ತರದಲ್ಲಿ ಕಂಡರಿಯದ ಒಂದು ವಸ್ತು ಅವನಿಗೆ ಅಲ್ಲಿ ಸಿಕ್ಕಿತು. ಅದೇ ತಂಬಾಕು. ಅಮೆರಿಕದ ಈ ಗಿಡವನ್ನು ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದಿದ್ದರು, ಅಲ್ಲಿಂದ ಬಿಜಾಪುರಕ್ಕೆ ಹತ್ತಿತ್ತು. ಅಸದ್ ಬೇಗ್ ಒಂದಿಷ್ಟು ತಂಬಾಕು, ಜೊತೆಗೆ ರತ್ನ ಕೆತ್ತಿದ ಚಂದದ ಹುಕ್ಕಾ ಮಾಡಿಸಿಕೊಂಡು ಹೋಗಿ ಅಕ್ಬರನ ಮುಂದಿಟ್ಟ. ಬಾದಶಹ ಒಂದೆರಡು ದಮ್ ಎಳೆದ ಕೂಡಲೇ ಹಕೀಮ ಅಡ್ಡ ಬಂದ. ನಮ್ಮ ವೈದ್ಯ ಗ್ರಂಥಗಳಲ್ಲಿ ಇದರ ಬಗ್ಗೆ ಒಂದಕ್ಷರ ಇಲ್ಲ, ಗೊತ್ತಿಲ್ಲದ್ದನ್ನು ಸೇದಬೇಡಿ ಅಂದ. ಅಸದ್ ಬೇಗ್ ಬಿಡ್ತಾನಾ? ಪ್ರತಿಯೊಂದು ಪದ್ಧತಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತು ಅಂತ ವಾದಿಸಿದ. ವಾದದಲ್ಲಿ ಗೆದ್ದದ್ದು ಅವನೇ. ಆದರೆ ಅಕ್ಬರ್ ಮಾತ್ರ ಆ ಚಟಕ್ಕೆ ಬೀಳಲಿಲ್ಲ. ಬಿದ್ದವರು ಅಮೀರರು, ಆಮೇಲೆ ವ್ಯಾಪಾರಿಗಳು. 1617ರಲ್ಲಿ ಜಹಾಂಗೀರ್ ನಿಷೇಧಿಸಿದ, ಯಾರೂ ಕೇಳಲಿಲ್ಲ. ಆ ಹಕೀಮ ಅಂದದ್ದು ಸರಿ ಅಂತ ಸಾಬೀತಾಗೋಕೆ ಮೂರೂವರೆ ಶತಮಾನ ಬೇಕಾಯ್ತು.

ಮುಂದೆ ಕೊಪ್ಪಳ ಸೀಮೆ ನಿಜಾಮರ ಹೈದರಾಬಾದಿಗೆ ಸೇರಿತು. ಆ ಹೈದರಾಬಾದಿನಲ್ಲೇ 1930ರಲ್ಲಿ ವಜೀರ್ ಸುಲ್ತಾನ್ ಟೊಬ್ಯಾಕೊ ಕಂಪನಿ ನೋಂದಣಿಯಾಯಿತು. ರಾಜಧಾನಿಯ ಚಾರ್‌ಮಿನಾರ್ ಅದರ ಸಿಗರೇಟ್ ಪ್ಯಾಕೆಟ್ಟಿನ ಮೇಲೆ ಬಂತು. ಸಿಗರೇಟ್ ಸಂಬಳದವರದ್ದಾಯ್ತು, ಹೊಲದವರಿಗೆ ಬೀಡಿ. ಈ ವ್ಯತ್ಯಾಸ ನೆನಪಿರಲಿ.

ಅತ್ತ 1950ರಲ್ಲಿ ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು. ಆಮೇಲೆ ಸುಮಾರು 40,000 ವೈದ್ಯರನ್ನೇ ವರ್ಷಗಟ್ಟಲೆ ಗಮನಿಸಿದರು, ಹೃದಯದ ಲೆಕ್ಕವೂ ಹೊರಬಿತ್ತು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ 5,209 ಜನರನ್ನು ಪರೀಕ್ಷಿಸುತ್ತಾ ಬಂದವರೂ ಅದನ್ನೇ ಹೇಳಿದರು. ಹೊಗೆಯ ನಿಕೋಟಿನ್ ಎದೆಬಡಿತ, ಬಿಪಿ ಏರಿಸುತ್ತೆ. ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗಕ್ಕೆ ಬಂದು ಕೂರುತ್ತೆ. ರಕ್ತನಾಳದ ಒಳಪದರ ಕೆಡುತ್ತೆ, ರಕ್ತ ಬೇಗ ಹೆಪ್ಪುಗಟ್ಟುತ್ತೆ. ಆ ಹೆಪ್ಪು ಹೃದಯದ ನಾಳವನ್ನು ಮುಚ್ಚಿದರೆ ಅದೇ ಹೃದಯಾಘಾತ.

ಅದೆಲ್ಲ ಬಿಳಿಯರ ಸಿಗರೇಟಿನ ಲೆಕ್ಕ, ನಮ್ಮ ಬೀಡಿ ಎಲೆಯದ್ದು, ನೈಸರ್ಗಿಕ ಅನ್ನೋರು ಈಗಲೂ ಇದ್ದಾರೆ. ಅವರಿಗೆ ಉತ್ತರ ನಮ್ಮ ಬೆಂಗಳೂರಿನಲ್ಲೇ ಇದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಪ್ರೇಮ್ ಪೈಸ್ ಮತ್ತು ಸಂಗಡಿಗರು ಮೊದಲ ಸಲ ಹೃದಯಾಘಾತವಾದ 200 ಜನರನ್ನೂ, ಆಗದ 200 ಜನರನ್ನೂ ಹೋಲಿಸಿ ನೋಡಿದರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಎಲ್ಲಕ್ಕಿಂತ ಬಲವಾದ ಸೂಚಕವಾಗಿ ಕಂಡದ್ದು ಧೂಮಪಾನ, ಸಿಗರೇಟಿರಲಿ ಬೀಡಿಯಿರಲಿ. ಸೇದುವವರಲ್ಲಿ ಅಪಾಯ ಸುಮಾರು ಮೂರೂವರೆ ಪಟ್ಟು. ದಿನಕ್ಕೆ ಹತ್ತು ಅಥವಾ ಹೆಚ್ಚು ಸೇದಿದರೆ ಆರು ಪಟ್ಟಿಗೂ ಮೀರಿ. ಕಟ್ಟೆಯ ಮೇಲೆ ಕೂತು ಒಂದು ಕಟ್ಟು ಮುಗಿಸುವವರಿಗೆ ಹತ್ತು ಅಂದ್ರೆ ಮಧ್ಯಾಹ್ನದ ಊಟದ ಹೊತ್ತಿಗೇ ಆಗುವ ಲೆಕ್ಕ!

ಈಗ ಕಾನೂನು ನೋಡಿ. ಎಚ್ಚರಿಕೆಯ ಸಾಲು ಅಚ್ಚು ಹಾಕಬೇಕು ಅಂತ 1975ರಲ್ಲಿ ಕಾಯ್ದೆ ಬಂತು. ಯಾವುದರ ಮೇಲೆ? ಸಿಗರೇಟ್ ಮೇಲೆ ಮಾತ್ರ. ಬೀಡಿಯೂ ಕಾನೂನಿನ ಒಳಗೆ ಬರೋಕೆ 2003ರ ಕಾಯ್ದೆ ಬೇಕಾಯ್ತು, ಪ್ಯಾಕೆಟ್ ಮೇಲೆ ಚಿತ್ರ ಬರೋಕೆ 2009. ಅಂದ್ರೆ ಯಲಬುರ್ಗಾದ ಕೂಲಿಕಾರ, ಗಂಗಾವತಿಯ ರೈಸ್‌ಮಿಲ್ ಹಮಾಲಿ, ಕುಷ್ಟಗಿಯಿಂದ ಗುಳೆ ಹೋಗೋ ಗೌಂಡಿ, ಇವರ ಕೈಗೆ ದಶಕಗಳ ಕಾಲ ಎಚ್ಚರಿಕೆ ಇಲ್ಲದ ಕಟ್ಟೇ ಬರುತ್ತಿತ್ತು. ಅಕ್ಷರ ಬಾರದವನಿಗೆ ಚಿತ್ರ ಮೊದಲು ಬೇಕಿತ್ತು, ಅವನಿಗೇ ಕೊನೆಗೆ ಸಿಕ್ಕಿತು. ಇನ್ನೂ ಕೇಳಿ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟಿಗೆ ಶೇ. 40 ತೆರಿಗೆ ಅಂತ ನಿರ್ಧರಿಸಿತು. ಅದೇ ಸಭೆಯಲ್ಲಿ ಬೀಡಿಗೆ ಶೇ. 28ರಿಂದ 18ಕ್ಕೆ ಇಳಿಕೆ! ಬೀಡಿ ಕಟ್ಟುವ ಹೆಣ್ಣುಮಕ್ಕಳ ಹೊಟ್ಟೆಪಾಡು ಅಂತಾರೆ. ಆ ಹೊಟ್ಟೆಪಾಡು ಸುಳ್ಳಲ್ಲ, ನಾನು ಒಪ್ತೀನಿ. ಆದರೆ ಅದಕ್ಕೆ ಇನ್ನೊಬ್ಬರ ಎದೆ ಯಾಕೆ ಅಡ ಇಡಬೇಕು?

ಕಾರ್ಯಕ್ರಮವೊಂದರಲ್ಲಿ ಯಲಬುರ್ಗಾ ಕಡೆಯ ವೀಕ್ಷಕರೊಬ್ಬರು ಫೋನ್ ಮಾಡಿ ಕೇಳಿದ್ರು: “ಸರ್, ನಾ ದಿನಕ್ಕ ಒಂದಾ ಸೇದ್ತೀನ್ರೀ, ಊಟ ಆದಮ್ಯಾಲ. ಒಂದಕ್ಕೇನ್ ಆಕ್ಕೈತ್ರೀ?” ಯಜಮಾನ್ರೇ, 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇದಕ್ಕೆ ಲೆಕ್ಕ ಕೊಟ್ಟಿದೆ. ದಿನಕ್ಕೆ ಒಂದೇ ಸಿಗರೇಟ್ ಸೇದುವವರಿಗೂ, ಇಪ್ಪತ್ತು ಸೇದುವವರ ಹೆಚ್ಚುವರಿ ಹೃದಯದ ಅಪಾಯದಲ್ಲಿ ಸುಮಾರು ಅರ್ಧ ಇರುತ್ತೆ. ಇಪ್ಪತ್ತರಲ್ಲಿ ಒಂದು ಪಾಲಲ್ಲ, ಅರ್ಧ! ಇನ್ನೊಂದು ಪಕ್ಕವೂ ಇದೆ: ಪೂರ್ತಿ ಬಿಟ್ಟರೆ ಒಂದು ವರ್ಷದ ಹೊತ್ತಿಗೆ ಆ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತೆ.

ಈಗಾಗಲೇ ಎದೆ ಹಿಡಿದುಕೊಂಡರೆ? ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಮಲಗೋದು ನಮ್ಮ ಊರುಗಳ ರೂಢಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ 2024ರ ಮಾರ್ಚ್‌ನಲ್ಲಿ ಶುರುವಾಗಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಗೆ ಕಳಿಸ್ತಾರೆ. ಅಲ್ಲಿಂದ ಸೂಚನೆ ಬಂದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತ, ಹೊರಗೆ ಅದಕ್ಕೆ ಸುಮಾರು 30 ಸಾವಿರ ರೂಪಾಯಿ. ಆದರೆ ಅದು ಮೊದಲ ಕೆಲವು ಗಂಟೆಗಳ ಆಟ. ಸೋಡಾ ಕುಡಿದು ಬೆಳಗಿನವರೆಗೆ ಕಾದವರಿಗೆ ಅದರಿಂದ ಸಿಗೋದು ತೀರಾ ಕಡಿಮೆ.