ಚಿತ್ರದುರ್ಗದ ಸೀಮೆಯ ನೀರುಗಂಟಿಗಳು

ಗ್ರಾಮದ ಹನ್ನೆರಡು ಮಂದಿ ಆಯಗಾರರ ವಿಷಯವು ವಿದ್ವಜ್ಜನರಿಗೆ ಅಪರಿಚಿತವಲ್ಲ. ಕರ್ನಲ್ ವಿಲ್ಕ್ಸನು ೧೮೧೦ರಲ್ಲಿ ಪ್ರಕಟವಾದ ತನ್ನ ಚರಿತ್ರೆಯಲ್ಲಿ ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ ಮೊದಲಾದವರನ್ನು ಕ್ರಮವಾಗಿ ಎಣಿಸಿರುವನು. ಆದರೆ ಕೆಲವು ಗ್ರಾಮಗಳಲ್ಲಿ ಅಕ್ಕಸಾಲೆಯ ಸ್ಥಾನದಲ್ಲಿ ಓದಿಸುವ ಕವಿಯೇ ಇರುತ್ತಿದ್ದನೆಂದು ಆತನೇ ಹೇಳಿರುವುದನ್ನು ಪಟ್ಟಿಯನ್ನು ಉದ್ಧರಿಸುವವರು ಸಾಮಾನ್ಯವಾಗಿ ಲಕ್ಷಿಸುವುದಿಲ್ಲ. ಹೆಸರೊಂದಾದರೆ ವೃತ್ತಿಯೂ ಒಂದೇ ಎಂಬ ಭಾವನೆಯು ದಾಖಲೆಗಳ ಅರ್ಥವನ್ನೇ ಕೆಡಿಸುವುದು.

ನೀರುಗಂಟಿಯನ್ನೇ ನೋಡೋಣ. ಶಾಸ್ತ್ರಕಾರರು ಯೋಗಾರ್ಥವನ್ನೂ ರೂಢ್ಯರ್ಥವನ್ನೂ ಬೇರ್ಪಡಿಸುವರು; ಇಲ್ಲಿ ರೂಢ್ಯರ್ಥವೇ ಊರೂರಿಗೆ ಬೇರೆ. ಭೀಮಸಮುದ್ರದಂತಹ ದೊಡ್ಡ ಕೆರೆಯ ಕೆಳಗೆ ತೂಬನ್ನು ತೆರೆದು ಮುಚ್ಚುವುದು, ನೀರು ಕಡಮೆಯಾದಾಗ ಸರದಿಯಂತೆ ಹಂಚುವುದು, ಮಳೆಗಾಲದ ರಾತ್ರಿಗಳಲ್ಲಿ ಏರಿಯು ಒಡೆಯದಂತೆ ಕಾಯುವುದು, ಇವೆಲ್ಲವೂ ಅವನ ಭಾರ. ಗದ್ದೆಯವರ ಜಗಳಗಳು ಮೊದಲು ಅವನ ತಲೆಯ ಮೇಲೆಯೇ ಬೀಳುವುವು. ಹೊಳಲ್ಕೆರೆ, ಹೊಸದುರ್ಗಗಳ ಚಿಕ್ಕ ಕೆರೆಗಳಲ್ಲಾದರೋ ಕೆರೆ ತುಂಬದ ವರ್ಷ ಹಂಚಲು ನೀರೇ ಇಲ್ಲ. ಆಯವು ಕಣದಲ್ಲಿ ಧಾನ್ಯರೂಪವಾಗಿ ಸಲ್ಲುತ್ತಿದ್ದುದರಿಂದ, ಕೆರೆ ಬತ್ತಿದ ಊರಿನ ನೀರುಗಂಟಿಯ ಕಣಜವೂ ಬತ್ತಿತೆಂದೇ ತಿಳಿಯಬೇಕು. ಪಟ್ಟಿಯಲ್ಲಿ ಮಾತ್ರ ಇಬ್ಬರೂ ಸಮಾನರು!

ಹಿರಿಯೂರಿನ ಸ್ಥಿತಿ ಮತ್ತೊಂದು. ೧೮೯೮ರಲ್ಲಿ ಆರಂಭವಾಗಿ ೧೯೦೭ರಲ್ಲಿ ಮುಗಿದ ಮಾರಿಕಣಿವೆಯ ಅಣೆಕಟ್ಟಿನಿಂದ ವೇದಾವತಿಯ ನೀರು ನಾಲೆಗಳಲ್ಲಿ ಹರಿಯತೊಡಗಿತು. ನೀರನ್ನು ಯಾವಾಗ, ಎಷ್ಟು ಬಿಡಬೇಕೆಂಬ ನಿರ್ಣಯವು ಸರ್ಕಾರದ ಇಂಜಿನಿಯರುಗಳಿಗೆ ಸೇರಿತು. ನಾಲೆಯ ನೀರು ಕಾಯುವವನಿಗೆ ಹಳೆಯ ಹೆಸರೇ ಸಂದರೂ ಅವನು ಆಜ್ಞೆಯನ್ನು ನಡೆಸುವವನೇ ಹೊರತು ಪಾಲನ್ನು ನಿಶ್ಚಯಿಸುವವನಲ್ಲ.

೧೯೬೧ರ ಗ್ರಾಮಾಧಿಕಾರ ರದ್ದತಿಯ ಕಾನೂನು ೧೯೬೩ರ ಫೆಬ್ರವರಿ ೧ರಂದು ಜಾರಿಗೆ ಬಂದು, ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗೊಳಿಸಿತು. ಇನಾಮು ಭೂಮಿಯನ್ನು ಹಿಡುವಳಿದಾರರಿಗೆ ಮರುಮಂಜೂರು ಮಾಡಲು ಅವಕಾಶವಿತ್ತಿತು. ಕಾನೂನಿನ ದೃಷ್ಟಿಯಲ್ಲಿ ಹಕ್ಕು ಒಂದೇ. ತರಿಯ ಇನಾಮು ಪಡೆದವನಿಗೂ ಖುಷ್ಕಿಯ ಇನಾಮು ಪಡೆದವನಿಗೂ ದೊರೆತ ಫಲವು ಒಂದೇ ಅಲ್ಲವೆಂಬುದನ್ನು ಹೇಳಬೇಕಾಗಿಲ್ಲ.

ಹೆಸರು ಅಲ್ಲಿಗೂ ಅಳಿಯಲಿಲ್ಲ. ಈಗ ಗ್ರಾಮಪಂಚಾಯಿತಿಯ ನೀರುಗಂಟಿಯೆಂದರೆ ಕೊಳವೆಬಾವಿಯ ಪಂಪನ್ನು ನಡೆಸಿ, ತೊಟ್ಟಿ ತುಂಬಿಸಿ, ಮನೆಮನೆಯ ನಲ್ಲಿಗೆ ನೀರು ಬಿಡುವವನು. ಅವನಿಗೆ ತೂಬೂ ಇಲ್ಲ, ಕಣದ ಆಯವೂ ಇಲ್ಲ. ವಿದ್ಯುತ್ತು ಬರುವ ಹೊತ್ತೇ ಅವನ ಸರದಿ.